ಒಟ್ಲು (ನಾಟಿಗೆ ಸಸಿ) ಬಿಡೋರಿಗೆ ಒಂದಿಷ್ಟು ಮಾತು

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಬೀಜ ಹಂಚುತ್ತೇವೆ. ಟೊಮೆಟೊ, ಮೆಣಸಿನಕಾಯಿ, ಜೊತೆಗೆ ನಮ್ಮ ಮೈಸೂರಿನ ಈರನಗೆರೆ ಬದನೆ. ಈ ಮೂರನ್ನೂ ಟ್ರೇಯಲ್ಲಿ ಸಸಿ ಮಾಡಿಕೊಂಡು ಆಮೇಲೆ ಕುಂಡಕ್ಕೆ ಹಾಕಿ. ಹುರುಳಿಕಾಯಿ, ಬೆಂಡೆ, ಮೂಲಂಗಿಗೆ ಟ್ರೇ ಬೇಡ, ನೇರವಾಗಿ ಕುಂಡದಲ್ಲೇ ಊರಿ. ಮೂಲಂಗಿಯನ್ನಂತೂ ಕಿತ್ತು ನೆಟ್ಟರೆ ಗಡ್ಡೆ ಸೊಟ್ಟಗಾಗುತ್ತದೆ.

ಟ್ರೇಗೆ ತುಂಬುವ ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಎರಡು ಸಲ ನೀರಲ್ಲಿ ತೊಳೆದು ಹಿಂಡಿ, ಅದರಲ್ಲಿ ಉಪ್ಪಿನಂಶ ಇರುತ್ತದೆ. ಸಮಪಾಲು ಎರೆಗೊಬ್ಬರ ಬೆರೆಸಿ. ಬೀಜ ಅರ್ಧ ಸೆಂಟಿಮೀಟರಿಗಿಂತ ಆಳಕ್ಕೆ ಹೋಗದಿರಲಿ. ಟೊಮೆಟೊ ಸುಮಾರು ಒಂದು ವಾರಕ್ಕೆ ಮೊಳೆಯುತ್ತದೆ. ಮೆಣಸಿನಕಾಯಿ ನಿಧಾನ, 10-12 ದಿನ ಕಾಯಿರಿ, ಬರಲಿಲ್ಲ ಅಂತ ಕೆದಕಿ ನೋಡಬೇಡಿ.

ನೀರಿನ ವಿಷಯ ಒತ್ತಿ ಹೇಳುತ್ತೇನೆ. ಹೋದ ಸಲ ನಾನು ಬೆಳಿಗ್ಗೆ ಸಂಜೆ ಎರಡೂ ಹೊತ್ತು ನೀರು ಹೊಯ್ದೆ. ಬದನೆ ಸಸಿಗಳ ಬುಡ ದಾರದಷ್ಟು ಸಣ್ಣಗಾಗಿ, ಎಲೆ ಹಸಿರಾಗಿರುವಾಗಲೇ ಒರಗಿಬಿಟ್ಟವು. ಅರ್ಧ ಟ್ರೇ ಹೋಯಿತು, ತುಂಬಾ ಸಂಕಟವಾಯಿತು. ಅದು ಬುಡ ಕೊಳೆಯುವ ಶಿಲೀಂಧ್ರ ರೋಗ, ಅತಿ ತೇವದಲ್ಲಿ ಬರುತ್ತದೆ. ಬೆರಳಿಟ್ಟು ನೋಡಿ, ಮೇಲ್ಪದರ ಒಣಗಿದ್ದರೆ ಮಾತ್ರ ಚಿಮುಕಿಸಿ. ಟ್ರೇಯ ತಳದಲ್ಲಿ ತೂತು ಇರಲೇಬೇಕು.

ಮೊಳಕೆ ಕಂಡ ದಿನವೇ ಬೆಳಕಿಗೆ ಇಡಿ. ನೆರಳಲ್ಲಿದ್ದರೆ ಕಾಂಡ ಉದ್ದಕ್ಕೆ ಎಳೆದುಕೊಂಡು ಬಡಕಲಾಗುತ್ತದೆ. ನಾಲ್ಕೈದು ಎಲೆ ಬಂದಾಗ, ಅಂದರೆ 25-30 ದಿನಕ್ಕೆ, ಸಂಜೆ ಹೊತ್ತು ನೆಡಿ. ಅದಕ್ಕೂ ಒಂದು ವಾರ ಮೊದಲಿನಿಂದ ದಿನಾ ಸ್ವಲ್ಪ ಹೆಚ್ಚು ಬಿಸಿಲು ಅಭ್ಯಾಸ ಮಾಡಿಸಿ.

ಬೀಜಕ್ಕೆ ಬರುವಾಗ ಪೊಟ್ಟಣ ಕಟ್ಟಲು ಹಳೇ ಪೇಪರ್ ತನ್ನಿ, ಪ್ಲಾಸ್ಟಿಕ್ ಬೇಡ.