ಉಳಿಸಿದ್ದು ಬೇರೆ, ಕಟ್ಟಿದ್ದು ಬೇರೆ

ಮೈಸೂರು

ಚಿ. ಸೌ. ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ನೀನು ಕಳಿಸಿದ ಲೆಕ್ಕದ ಹಾಳೆಯನ್ನು ಎರಡು ಸಲ ಓದಿದೆ. ತರಕಾರಿಯಲ್ಲಿ ಹಿಡಿತ, ಮಗಳ ಸಂಗೀತದ ಕ್ಲಾಸು ಬಿಡಿಸಿದ್ದು, ನಿನ್ನ ಕನ್ನಡಕ ಮುಂದಕ್ಕೆ ಹಾಕಿದ್ದು, ಎಲ್ಲಾ ಬರೆದಿದ್ದೀಯೆ. ಮೂರು ತಿಂಗಳು ಹೀಗೆ ಕೈ ಬಿಗಿಹಿಡಿದರೂ ಕಾರ್ಡಿನ ಬಾಕಿ 1,20,000ದ ಆಸುಪಾಸಿನಲ್ಲೇ ಯಾಕೆ ನಿಂತಿದೆ ಅಂತ ಕೇಳಿದ್ದೀಯೆ. ಎಲ್ಲೆಲ್ಲಿ ಉಳಿಸಿದೆ ಅನ್ನುವುದು ಹಾಳೆಯಲ್ಲಿದೆ, ಉಳಿದ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದು ಒಂದು ಸಾಲೂ ಇಲ್ಲ. ಸೋಮವಾರ ತರಕಾರಿಯಲ್ಲಿ ಉಳಿದ ಮುನ್ನೂರು ಶನಿವಾರ ಇನ್ಯಾವುದಕ್ಕೋ ಆಗಿರುತ್ತದೆ. ಖರ್ಚು ಕಡಿಮೆ ಮಾಡಿದ ದಿನವೇ ಆ ದುಡ್ಡನ್ನು ಸಾಲದ ಖಾತೆಗೆ ದಾಟಿಸದಿದ್ದರೆ ನೀನು ಪಟ್ಟ ಕಷ್ಟಕ್ಕೆ ಲೆಕ್ಕವೇ ಇಲ್ಲ.

ಮೊದಲು ಕಾರ್ಡಿನ ಸ್ಟೇಟ್‌ಮೆಂಟನ್ನು ಸರಿಯಾಗಿ ಓದೋಣ. ತಿಂಗಳಿಗೆ ನೂರಕ್ಕೆ ಮೂರೂವರೆ ರೂಪಾಯಿ ಬಡ್ಡಿ ಅಂತಿದೆ. 1,20,000ಕ್ಕೆ ಅದು 4,200. ಬಡ್ಡಿಯ ಮೇಲೆ 18% ಜಿಎಸ್‌ಟಿ, ಅದು 756. ಒಟ್ಟು 4,956. ನೀವು ಕಟ್ಟುತ್ತಿರುವ ‘ಕನಿಷ್ಠ ಮೊತ್ತ’ 6,000. ಅಂದರೆ ಅಸಲಿಗೆ ಮುಟ್ಟುವುದು ಸಾವಿರ ಚಿಲ್ಲರೆ ಅಷ್ಟೆ. ಅದೇ ತಿಂಗಳು ಅದೇ ಕಾರ್ಡಿನಲ್ಲಿ ಸಾವಿರದ ದಿನಸಿ ತಂದರೆ ಅದೂ ಸಮ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ: ಹಿಂದಿನ ಬಾಕಿ ಪೂರ್ತಿ ತೀರದೆ ಇರುವಾಗ ಹೊಸ ಖರೀದಿಗೆ ಆ ನಲವತ್ತೈವತ್ತು ದಿನದ ಬಡ್ಡಿಯಿಲ್ಲದ ಗಡುವು ಸಿಗುವುದಿಲ್ಲ. ಇವತ್ತು ಕಾರ್ಡು ಉಜ್ಜಿ ತಂದ ಹಾಲಿನ ಪ್ಯಾಕೆಟ್ಟಿಗೂ ಇವತ್ತಿನಿಂದಲೇ ಬಡ್ಡಿ. ಆದ್ದರಿಂದ ಕಾರ್ಡನ್ನು ಪರ್ಸಿನಿಂದ ತೆಗೆದು ಬೀರುವಿನಲ್ಲಿಡು, ಮೊಬೈಲಿನ ಆ್ಯಪ್‌ಗಳಲ್ಲಿ ಉಳಿಸಿಟ್ಟಿರುವ ಕಾರ್ಡಿನ ನಂಬರನ್ನೂ ಅಳಿಸು. ಎರಡನೆಯದನ್ನು ಮರೆತರೆ ಮೊದಲನೆಯದು ಮಾಡಿಯೂ ಪ್ರಯೋಜನವಿಲ್ಲ.

ಬಡ್ಡಿಯನ್ನು ದಿನದ ಬಾಕಿಯ ಮೇಲೆ ಲೆಕ್ಕ ಹಾಕುತ್ತಾರೆ. ಗಡುವಿನ ದಿನಕ್ಕೆ ಕಾಯದೆ ಸಂಬಳ ಬಂದ ದಿನವೇ ಕಟ್ಟು. ತಿಂಗಳಿಗೆ 10,000 ತಪ್ಪದೆ ಕಟ್ಟಿ ಹೊಸದಾಗಿ ಏನೂ ಉಜ್ಜದಿದ್ದರೆ 17 ತಿಂಗಳಲ್ಲಿ ತೀರುತ್ತದೆ. 15,000 ಕಟ್ಟಿದರೆ 10 ತಿಂಗಳು.

ಇನ್ನೂ ಹಗುರವಾದ ದಾರಿ ನಿನ್ನ ಲಾಕರಿನಲ್ಲಿದೆ. ವರ್ಷಕ್ಕೊಮ್ಮೆ ಹಾಕಿಕೊಳ್ಳುವ ಒಡವೆಯಲ್ಲಿ ಬೇಕಾದಷ್ಟನ್ನು ಮಾತ್ರ ಬ್ಯಾಂಕಿನಲ್ಲಿ ಗಿರವಿ ಇಟ್ಟು ಕಾರ್ಡು ತೀರಿಸಬಹುದು. ಬಡ್ಡಿ ವರ್ಷಕ್ಕೆ 10% ಅಂತಿಟ್ಟುಕೋ, 1,20,000ಕ್ಕೆ ತಿಂಗಳಿಗೆ ಸಾವಿರ. ಐದು ಸಾವಿರ ಎಲ್ಲಿ, ಸಾವಿರ ಎಲ್ಲಿ! ಅದೇ 10,000ವನ್ನು ಇಲ್ಲಿ ಕಟ್ಟುತ್ತಾ ಬಂದರೆ 13 ತಿಂಗಳಿಗೆ ಒಡವೆ ಮನೆಗೆ ಬರುತ್ತದೆ, ಕಾರ್ಡಿಗೆ ಹೋಲಿಸಿದರೆ ನಲವತ್ತು ಸಾವಿರದಷ್ಟು ಉಳಿಯುತ್ತದೆ. ಗಿರವಿ ಇಡುವಾಗಲೇ ಕೇಳು: ನಡುನಡುವೆ ಅಸಲಿಗೆ ಸ್ವಲ್ಪ ಸ್ವಲ್ಪ ಕಟ್ಟಬಹುದೇ, ಅವಧಿ ಎಷ್ಟು, ಮುಗಿದಾಗ ಹೊಸದಾಗಿ ಬರೆದುಕೊಳ್ಳಲು ಶುಲ್ಕವೆಷ್ಟು. ಒಡವೆಯ ಒಟ್ಟು ತೂಕ, ಕಲ್ಲಿನ ತೂಕ ಕಳೆದ ನಿವ್ವಳ ತೂಕ, ಎರಡೂ ಚೀಟಿಯಲ್ಲಿ ಬರೆದಿರಬೇಕು. ವರ್ಷವೆಲ್ಲಾ ಸುಮ್ಮನಿದ್ದು ಕೊನೆಗೆ ಒಂದೇ ಸಲ ಕಟ್ಟುತ್ತೇನೆ ಅಂದುಕೊಂಡವರ ಒಡವೆಯೇ ಹರಾಜಿಗೆ ಹೋಗುವುದು. ಇದಕ್ಕಿಂತ ದೊಡ್ಡ ಅಪಾಯ, ಖಾಲಿಯಾದ ಕಾರ್ಡು. ಆರು ತಿಂಗಳಿಗೆ ಅದು ಮತ್ತೆ ತುಂಬಿದರೆ ಒಡವೆಯೂ ಇಲ್ಲ, ಸಾಲವೂ ಎರಡು. ಆದ್ದರಿಂದ ಬಾಕಿ ತೀರಿದ ದಿನವೇ ಬ್ಯಾಂಕಿಗೆ ಹೇಳಿ ಮಿತಿಯನ್ನು ಹತ್ತಿಪ್ಪತ್ತು ಸಾವಿರಕ್ಕೆ ಇಳಿಸು. ಅಷ್ಟು ಧೈರ್ಯವಿಲ್ಲದಿದ್ದರೆ ಒಡವೆಯನ್ನು ಮುಟ್ಟಬೇಡ.

ಉಳಿದ ಸಾಲಗಳ ಸರದಿ ಹೀಗಿರಲಿ. ಅಳಿಯಂದಿರು ಬೈಕ್ ರಿಪೇರಿಗೆ ಎರಡು ರೂಪಾಯಿ ಬಡ್ಡಿಗೆ ತಂದ ಕೈಸಾಲ ಎರಡನೆಯದು. ತಿಂಗಳಿಗೆ ನೂರಕ್ಕೆ ಎರಡು ಅಂದರೆ ವರ್ಷಕ್ಕೆ 24%, ಕೇಳಲು ಸಣ್ಣದಾಗಿ ಕಾಣುತ್ತದೆ ಅಷ್ಟೆ. ಪರ್ಸನಲ್ ಲೋನು ಆಮೇಲೆ. ಅದರ ಕಂತು ತಪ್ಪದೆ ಹೋಗಲಿ, ಹೆಚ್ಚಿಗೆ ಈಗ ಬೇಡ. ಅವಧಿಗೆ ಮುಂಚೆ ಮುಚ್ಚಿದರೆ ಎಷ್ಟು ಶುಲ್ಕ ಅಂತ ಕರಾರು ಪತ್ರದಲ್ಲಿ ನೋಡಿಟ್ಟುಕೋ. ಸಂಬಳ 1ಕ್ಕೆ, ಕಂತಿನ ತಾರೀಖು 3ಕ್ಕೋ 5ಕ್ಕೋ ಇರುವಂತೆ ಬದಲಿಸಲು ಅರ್ಜಿ ಕೊಡು. ಈಗಿರುವಂತೆ 28ಕ್ಕೆ ಇದ್ದರೆ ಖಾತೆಯಲ್ಲಿ ಐನೂರು ಕಡಿಮೆಯಾಗಿ ಕಂತು ಬೌನ್ಸ್ ಆಗುತ್ತದೆ, ನಿಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ.

ನಿನ್ನ ಭಾವ ಕೊಟ್ಟ ಬಡ್ಡಿಯಿಲ್ಲದ 30,000 ಲೆಕ್ಕದ ಪ್ರಕಾರ ಕೊನೆಗೆ ಬರಬೇಕು. ಆದರೂ ತಿಂಗಳಿಗೆ ಸಾವಿರ ಕೊಡುತ್ತಿರು. ಕೊಡದೆ ಹೋದರೆ ಹಬ್ಬದಲ್ಲಿ ಮುಖ ನೋಡುವುದು ಕಷ್ಟವಾಗುತ್ತದೆ.

‘ಬರೀ 12% ಬಡ್ಡಿ, ಎಲ್ಲಾ ಸಾಲ ಒಟ್ಟುಗೂಡಿಸಿಕೊಳ್ಳಿ’ ಅಂತ ಫೋನ್ ಬಂದಿದೆ ಎಂದೆಯಲ್ಲ, ಅದು ಫ್ಲಾಟ್ ದರವೇ ಅಂತ ಕೇಳು. ಒಂದು ಲಕ್ಷಕ್ಕೆ ಎರಡು ವರ್ಷಕ್ಕೆ 24,000 ಬಡ್ಡಿ ಸೇರಿಸಿ 24 ಕಂತು ಮಾಡಿದರೆ ಕಂತು 5,167. ಅಸಲು ಕರಗುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಲಕ್ಷಕ್ಕೇ ನಡೆಯುವುದರಿಂದ ನಿಜವಾದ ದರ 21–22% ಆಗುತ್ತದೆ. ಮೊಬೈಲಿನಲ್ಲಿ ಐದು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಹೆಸರೂ ಎತ್ತಬೇಡ.

ಈಗ ಮನೆ ಖರ್ಚು. 6,000ವನ್ನು 10,000 ಮಾಡಲು ಇನ್ನು ನಾಲ್ಕು ಸಾವಿರ ಬೇಕು. ಅದಕ್ಕೆ ಸಂಗೀತ ಬಿಡಿಸಬೇಕಾಗಿಯೇ ಇರಲಿಲ್ಲ, ಮತ್ತೆ ಸೇರಿಸು. ನಿನ್ನ ಹಾಳೆಯಲ್ಲೇ ನಾಲ್ಕು ಭಾನುವಾರ ಹೊರಗಿನಿಂದ ಊಟ ತರಿಸಿದ್ದು ತಲಾ 600 ಇದೆ. ತಿಂಗಳಿಗೆ ಒಂದು ಸಲ ಮಾತ್ರ ತರಿಸಿದರೆ 1,800 ಸಿಗುತ್ತದೆ. ಪೂರ್ತಿ ನಿಲ್ಲಿಸಬೇಡ, ಎರಡನೇ ತಿಂಗಳಿಗೆ ಎಲ್ಲರೂ ಸಿಡಿಮಿಡಿ ಆಗಿ ಒಂದೇ ಸಲ ಎರಡು ಸಾವಿರಕ್ಕೆ ಕೈ ಹಾಕುತ್ತೀರಿ. ಯುಪಿಐ ಆ್ಯಪ್ ತೆಗೆದು ‘ಆಟೋಪೇ’ ಅನ್ನುವ ಕಡೆ ನೋಡು. ನೀವು ಮರೆತೇಹೋದ ಎರಡು ಚಂದಾ, ಮಗುವಿನ ಯಾವುದೋ ಕಲಿಕೆಯ ಆ್ಯಪ್ ಸೇರಿ 450 ಹೋಗುತ್ತಿದೆ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ, ಆಟೋಪೇ ರದ್ದು ಮಾಡಬೇಕು.

ಕರೆಂಟಿನ ಬಿಲ್ಲು. ಗೃಹಜ್ಯೋತಿಯಲ್ಲಿ ನಿಮ್ಮ ಮೀಟರಿಗೆ ಗೊತ್ತುಮಾಡಿದ ಮಿತಿ 142 ಯೂನಿಟ್, ಹೋದ ತಿಂಗಳು ಉರಿಸಿದ್ದು 211. ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಿನ ಯೂನಿಟ್ಟಿಗೆ ಮಾತ್ರ ದುಡ್ಡು, 200 ದಾಟಿದರೆ ಪೂರ್ತಿ ಬಿಲ್ಲು ತಲೆಗೆ. 11 ಯೂನಿಟ್ಟಿಗಾಗಿ 211ಕ್ಕೂ ಕಟ್ಟಿದ್ದೀರಿ. ಕಳ್ಳ ಎಲ್ಲಿದ್ದಾನೆ ಅಂದರೆ ಗೀಸರಿನಲ್ಲಿ. 2,000 ವಾಟಿನದು ಅರ್ಧ ಗಂಟೆ ಕಾದರೆ ಒಂದು ಯೂನಿಟ್. ಈಗ ಒಬ್ಬೊಬ್ಬರ ಸ್ನಾನಕ್ಕೂ ಬೇರೆ ಬೇರೆ ಹೊತ್ತಿಗೆ ಹಾಕಿ ದಿನಕ್ಕೆ ಒಂದು ಗಂಟೆ ಉರಿಯುತ್ತಿದೆ, ತಿಂಗಳಿಗೆ 60 ಯೂನಿಟ್. ಒಮ್ಮೆ ಕಾಯಿಸಿ, ಸ್ವಿಚ್ಚು ಆರಿಸಿ, ಮಕ್ಕಳಿಬ್ಬರಿಗೂ ಹಿಂದೆ ಹಿಂದೆಯೇ ಬಕೆಟ್ಟಿನಲ್ಲಿ ಸ್ನಾನ ಮಾಡಿಸು, ಅರ್ಧಕ್ಕೆ ಇಳಿಯುತ್ತದೆ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಸಿಕ್ಕಿಸಿ ಎಳೆದು ನೋಡು. ಸಲೀಸಾಗಿ ಬಂದರೆ ರಬ್ಬರು ಸಡಿಲವಾಗಿದೆ, ಬದಲಿಸು. ತಿಂಗಳ ಇಪ್ಪತ್ತನೇ ದಿನ ಮೀಟರು ನೋಡುವ ಕೆಲಸ ಮಗಳಿಗೆ ಕೊಡು, ನಾಲ್ಕನೇ ಕ್ಲಾಸಿನ ಮಗುವಿಗೆ ಕಳೆಯುವ ಲೆಕ್ಕ ಬರುತ್ತದೆ. ಇಲ್ಲಿ ಸಾವಿರದ ಮೇಲೆ ಉಳಿಯುತ್ತದೆ.

ಇನ್ನು ಮಕ್ಕಳ ತಟ್ಟೆ. ಹಾಲು, ಮೊಟ್ಟೆ, ಬೇಳೆ, ಸೊಪ್ಪಿನಲ್ಲಿ ಒಂದು ಪೈಸೆಯನ್ನೂ ಕಡಿಯಬೇಡ. ಕಡಿಯಬೇಕಾದ್ದು ಹಾಲಿಗೆ ಬೆರೆಸುವ ಡಬ್ಬದ ಪುಡಿ ಮತ್ತು ದಿನಾ ಹತ್ತು ರೂಪಾಯಿಯ ಎರಡು ಬಿಸ್ಕತ್ತು ಪ್ಯಾಕೆಟ್. ಆ ಡಬ್ಬದ ಪಟ್ಟಿ ಓದು, ಸಕ್ಕರೆ ಮೊದಲ ಎರಡು ಮೂರು ಹೆಸರಿನಲ್ಲೇ ಸಿಗುತ್ತದೆ. ಬದಲಿಗೆ ರಾಗಿ ಮಾಲ್ಟ್ ಮನೆಯಲ್ಲೇ ಮಾಡು. ಒಂದು ಕೆಜಿ ರಾಗಿಯನ್ನು ಮಣ್ಣು ಕಲ್ಲು ಹೋಗುವಂತೆ ನಾಲ್ಕು ನೀರಿನಲ್ಲಿ ತೊಳೆದು ರಾತ್ರಿಯೆಲ್ಲಾ ನೆನೆಸು. ಬೆಳಿಗ್ಗೆ ನೀರು ಪೂರ್ತಿ ಬಸಿದು ಒದ್ದೆ ಪಂಚೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ ತೂಗುಹಾಕು, ಬಟ್ಟೆ ಒಣಗಿದಾಗಲೆಲ್ಲಾ ನೀರು ಚಿಮುಕಿಸು. ಒಂದೂವರೆ ದಿನಕ್ಕೆ ಬಿಳಿ ಮೊಳಕೆ ಬರುತ್ತದೆ. ನೆರಳಿನಲ್ಲಿ ಎರಡು ದಿನ ಹರಡಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಆರಿದ ಮೇಲೆ ಮಿಲ್ಲಿಗೆ ಕಳಿಸು. ಕೆಡುವುದು ಎರಡು ಕಡೆ: ಗಂಟನ್ನು ಬಿಗಿಯಾಗಿ ಕಟ್ಟಿದರೆ ನಡುವಿನ ರಾಗಿ ಹುಳಿ ವಾಸನೆ ಹೊಡೆಯುತ್ತದೆ, ಸರಿಯಾಗಿ ಒಣಗಿಸದೆ ಬೀಸಿದರೆ ಡಬ್ಬದಲ್ಲೇ ಬೂಷ್ಟು. ಕಾಯಿಸುವಾಗ ಎರಡು ಚಮಚ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡು, ಬಿಸಿಯಲ್ಲಿ ಹಾಕಿದರೆ ಗಂಟಾಗುತ್ತದೆ. ಐದಾರು ನಿಮಿಷ ಕುದಿಸಿ ಹಾಲು ಸೇರಿಸು, ಒಲೆ ಆರಿಸಿದ ಮೇಲೆ ಬೆಲ್ಲ. ಕುದಿಯುವಾಗ ಬೆಲ್ಲ ಹಾಕಿದರೆ ಹಾಲು ಒಡೆಯಬಹುದು. ಬಿಸ್ಕತ್ತಿಗೆ ಬದಲು ಹುರಿಗಡಲೆ ಬೆಲ್ಲ, ಕಡಲೆಕಾಯಿ. ಮೊದಲ ವಾರ ಚಿಕ್ಕವನು ಮುಖ ತಿರುಗಿಸುತ್ತಾನೆ, ತಿರುಗಿಸಲಿ. ಇದರಲ್ಲಿ ಎಂಟುನೂರು. ನಾಲ್ಕೂ ಸೇರಿದರೆ ನಾಲ್ಕು ಸಾವಿರ ಆಯಿತಲ್ಲ?

ದಿನಸಿಯನ್ನು ತಿಂಗಳಿಗೊಮ್ಮೆ ಚೀಟಿ ಬರೆದು ತರುವುದು, ನಡುವೆ ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್ ತೆರೆಯದಿರುವುದು. ಕೊತ್ತಂಬರಿ ಸೊಪ್ಪಿಗೆಂದು ತೆರೆದು ಮುನ್ನೂರು ಆಗುವುದು ಅಲ್ಲೇ. ಎಣ್ಣೆಯ ಪಾಕೆಟ್ಟಿನ ಮೇಲೆ ತೂಕ ನೋಡು: ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ, ಅದೇ ಗಾತ್ರದಂತೆ ಕಾಣುವ ಕೆಲವು ಪಾಕೆಟ್ಟಿನಲ್ಲಿ ಇನ್ನೂ ಕಡಿಮೆ ಇರುತ್ತದೆ. ಅತ್ತೆಯವರ ಬಿಪಿ ಮಾತ್ರೆಯನ್ನು ಬ್ರ್ಯಾಂಡಿನ ಬದಲು ಔಷಧದ ಹೆಸರಿನಲ್ಲಿ ಬರೆದುಕೊಡಲು ಡಾಕ್ಟರಿಗೆ ಹೇಳಿ, ಜನೌಷಧಿ ಅಂಗಡಿಯಲ್ಲಿ ತಾ. ಚಿಕ್ಕವನಿಗೆ ಮೂರೂವರೆ ವರ್ಷ; ಪ್ಲೇಹೋಮಿಗೆ ಈ ವರ್ಷ ಇಪ್ಪತ್ತು ಸಾವಿರ ಸುರಿಯುವ ಬದಲು ನಿಮ್ಮ ಬೀದಿಯ ಅಂಗನವಾಡಿಗೆ ಒಂದು ವಾರ ಕಳಿಸಿ ನೋಡು. ಟೀಚರು ಚೆನ್ನಾಗಿದ್ದರೆ ಅದೇ ಸಾಕು. ಲಸಿಕೆಯೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಊರಿಗೆ ಬರುವಾಗ ನೀನೂ ಮಗಳೂ ಸರ್ಕಾರಿ ಸಾದಾ ಬಸ್ಸು ಹತ್ತಿದರೆ ಟಿಕೆಟ್ಟಿಗೆ ದುಡ್ಡಿಲ್ಲ, ಕಾರು ಮಾಡಿಕೊಂಡು ಬರಬೇಡಿ.

ಮುಯ್ಯಿಯ ವಿಷಯ ನಿನಗೆ ಇಷ್ಟವಾಗದಿರಬಹುದು. ಈ ವರ್ಷ ಎಲ್ಲರಿಗೂ ಒಂದೇ ಲಕೋಟೆ, 201. ಅವರು ನಮಗೆ ಸಾವಿರ ಹಾಕಿದ್ದರು ಅನ್ನುವ ಲೆಕ್ಕ ಎರಡು ವರ್ಷ ಕಳೆದು ನೋಡಿಕೊಂಡರಾಯಿತು. ಯಾರಾದರೂ ಆಡಿಕೊಂಡರೆ ನನ್ನ ಹೆಸರು ಹೇಳು.

ಎಲ್ಲರೂ ಎಡವುವ ಜಾಗ ಜೂನ್. ಹತ್ತು ತಿಂಗಳು ಕಷ್ಟಪಟ್ಟು ಕಟ್ಟಿ, ಶಾಲೆ ಫೀಸು ಬಂದ ದಿನ ಮತ್ತೆ ಕಾರ್ಡು ತೆಗೆಯುತ್ತಾರೆ. ಫೀಸು, ಪುಸ್ತಕ, ಯೂನಿಫಾರಂ, ಬೈಕಿನ ವಿಮೆ, ಗೌರಿ ಗಣೇಶ, ದೀಪಾವಳಿ, ಎಲ್ಲಾ ಕೂಡಿಸು. ನಿಮ್ಮದು 60,000 ಆಗುತ್ತದೆ, ತಿಂಗಳಿಗೆ 5,000. ಅಳಿಯಂದಿರ ಓವರ್‌ಟೈಮು ಹಣ ಮನೆಗೆ ಬರದೆ ನೇರ ಆರ್‌ಡಿಗೆ, ಅಂದರೆ ತಿಂಗಳು ತಿಂಗಳೂ ಕಟ್ಟುವ ಠೇವಣಿಗೆ ಹೋಗಲಿ, ಅದು ಇದಕ್ಕೇ. ಮಗಳ ಯೂನಿಫಾರಮ್ಮಿನ ಲಂಗದಲ್ಲಿ ಮೂರು ಇಂಚು ಒಳಮಡಿಕೆ ಇರಿಸಿ ಹೊಲಿಸು, ಎರಡು ವರ್ಷ ಬರುತ್ತದೆ. ಇದಲ್ಲದೆ ಬೇರೆ ಖಾತೆಯಲ್ಲಿ ಹದಿನೈದು ಸಾವಿರ ಇರಲಿ, ಜ್ವರಕ್ಕೆ, ಕೆಟ್ಟ ಮಿಕ್ಸಿಗೆ. ಮೊದಲ ಎರಡು ತಿಂಗಳು ಸಾಲಕ್ಕೆ ಸ್ವಲ್ಪ ಕಡಿಮೆ ಕಟ್ಟಿಯಾದರೂ ಇದನ್ನು ತುಂಬಿಸು. ಅದಿಲ್ಲದೆ ಕಾರ್ಡನ್ನು ಬೀರುವಿನಲ್ಲಿಡುವುದು ಬರೀ ಮಾತು.

ಮಗಳ ಸುಕನ್ಯಾ ಖಾತೆಗೆ ತಿಂಗಳಿಗೆ ಎರಡು ಸಾವಿರ ಹಾಕುತ್ತಿದ್ದೀಯೆ. ಎಂಟು ಚಿಲ್ಲರೆ ಬಡ್ಡಿ ಗಳಿಸಲು ನಲವತ್ತರ ಬಡ್ಡಿ ಕಟ್ಟುವುದು ಯಾವ ಲೆಕ್ಕ? ಖಾತೆ ಜೀವಂತ ಇರಲು ವರ್ಷಕ್ಕೆ 250 ಸಾಕು. ಕಾರ್ಡು ತೀರುವವರೆಗೆ ಅಷ್ಟೇ ಹಾಕು, ಆ ಎರಡು ಸಾವಿರವೂ ಕಾರ್ಡಿಗೆ. ಆದರೆ ಆರೋಗ್ಯ ವಿಮೆಯನ್ನು ನಿಲ್ಲಿಸಬೇಡ. ಬ್ಯಾಂಕಿನಲ್ಲಿ ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ, 20 ರೂಪಾಯಿಯ ಸುರಕ್ಷಾ ಬಿಮಾ ಇಬ್ಬರ ಹೆಸರಿನಲ್ಲೂ ಇದೆಯೇ ನೋಡು; ತಲಾ ಎರಡು ಲಕ್ಷದವು, ಒಂದು ಯಾವುದೇ ಸಾವಿಗೆ, ಇನ್ನೊಂದು ಅಪಘಾತಕ್ಕೆ. ಮೇ ಕೊನೆಗೆ ಖಾತೆಯಲ್ಲಿ ದುಡ್ಡಿಲ್ಲದಿದ್ದರೆ ಅವು ನವೀಕರಣವಾಗುವುದಿಲ್ಲ.

ಶನಿವಾರ ಮಕ್ಕಳು ಮಲಗಿದ ಮೇಲೆ ಇಬ್ಬರೂ ಕೂತು ಇಪ್ಪತ್ತು ನಿಮಿಷ ಲೆಕ್ಕ ನೋಡಿ. ಯಾರು ಖರ್ಚು ಮಾಡಿದರು ಅನ್ನುವ ವಿಚಾರಣೆ ಬೇಡ. ವಾರದಲ್ಲಿ ಎಷ್ಟು ಉಳಿಯಿತು, ಅದನ್ನು ಅಲ್ಲೇ ಫೋನಿನಲ್ಲಿ ಕಾರ್ಡಿಗೆ ಕಟ್ಟಿ ಏಳಿ. ನೂರ ಎಂಬತ್ತಾದರೂ ಸರಿ. ಮಗಳು ಕೇಳಿದರೆ ‘ದುಡ್ಡಿಲ್ಲ’ ಅನ್ನಬೇಡ, ಹೆದರುತ್ತಾಳೆ. ‘ಈ ವರ್ಷ ಸಾಲ ತೀರಿಸುತ್ತಿದ್ದೇವೆ, ಸೈಕಲ್ಲು ಮುಂದಿನ ವರ್ಷ’ ಅನ್ನು, ಮುಂದಿನ ವರ್ಷ ಕೊಡಿಸು.

ಬ್ಯಾಂಕಿಗೆ ಹೋಗುವ ದಿನ ಒಡವೆಯ ಫೋಟೋ ತೆಗೆದಿಟ್ಟುಕೊಂಡು ಹೋಗು. ಮುಂದಿನ ಸ್ಟೇಟ್‌ಮೆಂಟ್ ಬಂದ ಮೇಲೆ ಬಾಕಿ ಎಷ್ಟಿದೆ ಅಂತ ಬರಿ. ಕನ್ನಡಕವನ್ನು ಈ ವಾರವೇ ಮಾಡಿಸಿಕೋ, ಅದರ ದುಡ್ಡು ಈ ಪತ್ರದ ಜೊತೆಗಿದೆ. ಅದನ್ನು ಮಾತ್ರ ಸಾಲಕ್ಕೆ ಕಟ್ಟಬೇಡ.

ಇಂತಿ,
ನಿನ್ನ ದೊಡ್ಡಮ್ಮ