ತಲಪಾಡಿಯಿಂದಾಚೆಗೂ ಸಲ್ಲಬೇಕಾದ ಹೊಣೆ: ಸ್ಲಾಟ್‌ವಾಲ್ ಪ್ಯಾನೆಲ್‌ಗಳ ಕುರಿತು ದೂರು ಪತ್ರ

ಕುಂಬಳೆ, ಕಾಸರಗೋಡು ಜಿಲ್ಲೆ
18-7-2025

ಇವರಿಗೆ,
ವ್ಯವಸ್ಥಾಪಕರು,
ಅಂಗಡಿ ಒಳಾಂಗಣ ಸಾಮಗ್ರಿ ವಿಭಾಗ,
ಮಂಗಳೂರು

ವಿಷಯ: ಕೊಟೇಶನ್‌ಗೆ ತಕ್ಕುದಲ್ಲದ ಸ್ಲಾಟ್‌ವಾಲ್ ಪ್ಯಾನೆಲ್‌ಗಳ ಪೂರೈಕೆ ಹಾಗೂ ಅಳವಡಿಕೆಯ ಲೋಪ

ಮಾನ್ಯರೇ,

ಕುಂಬಳೆ ಪೇಟೆಯಲ್ಲಿ ಕೊಡೆ, ಶಾಲಾ ಚೀಲ, ನೀರಿನ ಬಾಟಲಿ ಹಾಗೂ ಪಾದರಕ್ಷೆಗಳನ್ನು ಮಾರುವ ನಮ್ಮ ಅಂಗಡಿಗೆ ಕಳೆದ ಮೇ ತಿಂಗಳ ಆರಂಭದಲ್ಲಿ ತಮ್ಮ ಸಂಸ್ಥೆಯು 8 ಸ್ಲಾಟ್‌ವಾಲ್ ಪ್ಯಾನೆಲ್‌ಗಳನ್ನು (ಸಾಮಾನು ತೂಗುವ ಹುಕ್ ಸಿಕ್ಕಿಸಲು ಅಡ್ಡಕ್ಕೆ ಗ್ರೂವ್, ಅಂದರೆ ಸೀಳು ಕೊರೆದ ಗೋಡೆ ಹಲಗೆಗಳನ್ನು) ಒದಗಿಸಿ, ತನ್ನದೇ ಕೆಲಸಗಾರರಿಂದ ಜೋಡಿಸಿಕೊಟ್ಟಿದೆ. ಹಣ ಪೂರ್ತಿ ಸಂದಾಯವಾಗಿದೆ. ಈಗ ಪಶ್ಚಿಮದ ಗೋಡೆಯಲ್ಲಿರುವ ಪ್ಯಾನೆಲ್‌ಗಳು ಉಬ್ಬಿವೆ, ಹಲವು ಗ್ರೂವ್‌ಗಳ ಅಂಚು ಕಿತ್ತುಬಂದಿದೆ, ಒಂದು ಪ್ಯಾನೆಲಂತೂ ಗೋಡೆಯಿಂದ ಸಡಿಲಗೊಂಡು ಮುಂದಕ್ಕೆ ಬಾಗಿದೆ. ಫೋನಿನಲ್ಲಿ ತಿಳಿಸಿದಾಗ ತಮ್ಮ ಕಚೇರಿಯಿಂದ ಬಂದ ಉತ್ತರ, ಕರ್ನಾಟಕ-ಕೇರಳದ ತಲಪಾಡಿ ಗಡಿಯಿಂದಾಚೆ ತಮಗೆ ಸರ್ವೀಸ್ ಇಲ್ಲ ಎಂಬುದು. ಆದ್ದರಿಂದ ಈ ದೂರನ್ನು ಲಿಖಿತವಾಗಿ ಸಲ್ಲಿಸುತ್ತಿದ್ದೇನೆ.

ಪ್ಯಾನೆಲ್‌ನ ಆಯ್ಕೆ ನಮ್ಮದಲ್ಲ, ತಮ್ಮದು. ಅಳತೆಗೆ ಬಂದಿದ್ದ ತಮ್ಮ ಪ್ರತಿನಿಧಿಗೆ ಗೋಡೆ ಮುರಕಲ್ಲಿನದೆಂದೂ ಸಾರಣೆ ಹಳೆಯದೆಂದೂ ಮಳೆಗಾಲದಲ್ಲಿ ಪಶ್ಚಿಮದ ಗೋಡೆ ಪಸೆ ಹಿಡಿಯುತ್ತದೆಂದೂ ಹೇಳಿದ್ದೆವು. ಅವರು ಎಲ್ಲವನ್ನೂ ಬರೆದುಕೊಂಡು ಹೋದ ಬಳಿಕವೇ ಕೊಟೇಶನ್ ಬಂದದ್ದು. ಅದರಲ್ಲಿ 8 ಅಡಿ ಉದ್ದ, 4 ಅಡಿ ಅಗಲ, 18 ಮಿಲಿಮೀಟರ್ ದಪ್ಪದ ಎಚ್.ಎಂ.ಆರ್. (ತೇವ ತಾಳುವ) ದರ್ಜೆಯ ಎಂ.ಡಿ.ಎಫ್. (ಮರದ ನಾರನ್ನು ಒತ್ತಿ ಮಾಡಿದ) ಹಲಗೆ, 4 ಇಂಚಿಗೊಂದು ಗ್ರೂವ್, ಪ್ರತಿ ಗ್ರೂವ್‌ಗೂ ಅಲ್ಯುಮಿನಿಯಂ ಚಾನೆಲ್, ಗೋಡೆಗೆ ಮರದ ರೀಪು ಹೊಡೆದು ಅದರ ಮೇಲೆ ಜೋಡಣೆ ಎಂದು ಸ್ಪಷ್ಟವಾಗಿ ನಮೂದಿಸಲಾಗಿದೆ. ಕೊಟೇಶನ್‌ನಲ್ಲಿ ಇದ್ದುದು ಒಂದು, ಗೋಡೆಯ ಮೇಲೆ ಬಂದದ್ದು ಇನ್ನೊಂದು.

ಮೊದಲನೆಯದಾಗಿ ಚಾನೆಲ್‌ನ ವಿಚಾರ. ಗಿರಾಕಿಯ ಕಣ್ಣಿಗೆ ನೇರವಾಗಿ ಕಾಣುವ ನಡುವಿನ ಸಾಲುಗಳಿಗೆ ಮಾತ್ರ ಅಲ್ಯುಮಿನಿಯಂ ತುರುಕಿ, ಮೇಲಿನ ಮತ್ತು ಕೆಳಗಿನ ಸಾಲುಗಳನ್ನು ಬರಿದಾಗಿ ಬಿಡಲಾಗಿದೆ. ಚಾನೆಲ್ ಎಂಬುದು ಅಲಂಕಾರದ ವಸ್ತುವಲ್ಲ ಎಂದು ತಮಗೆ ನಾನು ಹೇಳಬೇಕಾಗಿಲ್ಲ. ಟಿ ಆಕಾರದಲ್ಲಿ ಗ್ರೂವ್ ಕೊರೆದ ಮೇಲೆ ಅದರ ತುಟಿಯಲ್ಲಿ ಉಳಿಯುವ ಹಲಗೆಯ ದಪ್ಪ ಕೆಲವೇ ಮಿಲಿಮೀಟರ್. ಹುಕ್ ಉದ್ದವಾದಷ್ಟೂ, ಅದರ ತುದಿಗೆ ಭಾರ ಬಿದ್ದಷ್ಟೂ ಆ ತುಟಿಯನ್ನು ಹೊರಕ್ಕೆ ಎಳೆಯುವ ಬಲ ಹೆಚ್ಚುತ್ತದೆ. ಆ ಎಳೆತವನ್ನು ಒಂದೇ ಜಾಗದಲ್ಲಿ ನಿಲ್ಲಗೊಡದೆ ಗ್ರೂವ್‌ನ ಉದ್ದಕ್ಕೂ ಹಂಚುವುದೇ ಲೋಹದ ಚಾನೆಲ್‌ನ ಕೆಲಸ. ಬರಿ ಗ್ರೂವ್‌ಗೆ ಸಿಕ್ಕಿಸಿದ ಹುಕ್‌ಗಳಲ್ಲಿ ತಮ್ಮ ಪ್ರತಿನಿಧಿಯೇ ತೋರಿಸಿಕೊಟ್ಟಂತೆ ಶಾಲಾ ಚೀಲಗಳನ್ನು ತೂಗುಹಾಕಿದೆವು. ಚೀಲಗಳೆಲ್ಲ ಖಾಲಿಯವೇ, ಪುಸ್ತಕ ತುಂಬಿದವಲ್ಲ. ಆದರೂ ಜೂನ್ ಮುಗಿಯುವುದರೊಳಗೆ ಮೂರು ಕಡೆ ಹುಕ್ ಸಹಿತ ತುಟಿ ಕಿತ್ತು ಕೆಳಗೆ ಬಿತ್ತು.

ಎರಡನೆಯದು ಹಲಗೆಯ ದರ್ಜೆ. ಕಿತ್ತುಬಂದ ಜಾಗದಲ್ಲಿ ಒಳಮೈ ಬರೇ ಕಂದು. ಬೆರಳಿನಿಂದ ಉಜ್ಜಿದರೆ ಪುಡಿ ಉದುರುತ್ತದೆ. ಎಚ್.ಎಂ.ಆರ್. ಹಲಗೆಯ ಒಳಮೈಗೆ ತಯಾರಕರು ಸಾಮಾನ್ಯವಾಗಿ ಹಸಿರು ಬಣ್ಣ ಕೊಟ್ಟಿರುತ್ತಾರೆ. ಬಣ್ಣವೊಂದೇ ಪುರಾವೆಯಾಗಲಾರದು ಎಂದು ತಾವು ಹೇಳಬಹುದು, ಒಪ್ಪುತ್ತೇನೆ. ಹಾಗಿದ್ದರೆ ನಮಗೆ ಕೊಟ್ಟ ಹಲಗೆಯ ತಯಾರಕರು ಯಾರು, ಎಂ.ಡಿ.ಎಫ್. ಹಲಗೆಗಳಿಗಿರುವ ಐ.ಎಸ್. 12406 ಮಾನಕದ ಗುರುತು ಅದರ ಮೇಲಿತ್ತೇ, ಅದು ಯಾವ ದರ್ಜೆಯದು ಎಂಬುದನ್ನು ದಾಖಲೆ ಸಹಿತ ತಿಳಿಸಬೇಕು. ಎಚ್.ಎಂ.ಆರ್. ಎಂದರೆ ತೇವವನ್ನು ತಕ್ಕಮಟ್ಟಿಗೆ ತಾಳುವ ಹಲಗೆಯೇ ಹೊರತು ನೀರಿನಲ್ಲಿ ನಿಲ್ಲುವ ಹಲಗೆಯಲ್ಲ. ಆದ್ದರಿಂದಲೇ ಅದನ್ನು ನೆಲದಿಂದ ಎತ್ತರಿಸಿ, ಕೊಯ್ದ ಅಂಚುಗಳಿಗೆ ಸೀಲರ್ ಹಚ್ಚಿ, ಹಿಂದೆ ಗಾಳಿಯಾಡುವಷ್ಟು ಎಡೆ ಬಿಟ್ಟು ಕೂರಿಸಬೇಕಾಗುತ್ತದೆ. ತಮ್ಮ ಕೆಲಸಗಾರರು ಹಲಗೆಯನ್ನು ನೆಲಕ್ಕೆ ತಾಗಿಸಿಯೇ ನಿಲ್ಲಿಸಿದರು, ಅಂಚುಗಳಿಗೆ ಏನನ್ನೂ ಹಚ್ಚಲಿಲ್ಲ. ದಿನವೂ ನೆಲ ಒರೆಸುವ ಅಂಗಡಿಯಲ್ಲಿ ಅದರ ಕೆಳ ಅಂಚು ಈಗ ನೆನೆದ ಅವಲಕ್ಕಿಯಂತೆ ಉಬ್ಬಿ, ಮೇಲಿನ ಲ್ಯಾಮಿನೇಟ್ ಹಾಳೆ ಎದ್ದು ನಿಂತಿದೆ.

ಅಳವಡಿಕೆಯ ಲೋಪ ಇಷ್ಟಕ್ಕೇ ಮುಗಿಯುವುದಿಲ್ಲ. ರೀಪು ಹೊಡೆದದ್ದು ಪೂರ್ವದ ಗೋಡೆಗೆ ಮಾತ್ರ. ಪಶ್ಚಿಮದ ಗೋಡೆಯಲ್ಲಿ ಹಳೆ ಸಾರಣೆಯನ್ನು ಕೊರೆದು ಪ್ಲಾಸ್ಟಿಕ್ ಪ್ಲಗ್ ಇಟ್ಟು ನೇರವಾಗಿ ಸ್ಕ್ರೂ ತಿರುಗಿಸಿದ್ದಾರೆ. ಮುರಕಲ್ಲಿನ ತೂತುಗಳಲ್ಲಿ ಚಿಕ್ಕ ಪ್ಲಗ್ ಹಿಡಿತ ಕಾಣುವುದಿಲ್ಲ ಎಂಬುದು ನಮ್ಮೂರಿನ ಯಾವ ಬಡಗಿಗೂ ತಿಳಿದ ಸಂಗತಿ. ಬಾಗಿರುವ ಪ್ಯಾನೆಲ್‌ನ ಸ್ಕ್ರೂಗಳಲ್ಲಿ ಎರಡನ್ನು ನಾನು ಬರಿಗೈಯಲ್ಲೇ ಹೊರತೆಗೆದಿದ್ದೇನೆ. ಇದಲ್ಲದೆ ಅಕ್ಕಪಕ್ಕದ ಎರಡು ಪ್ಯಾನೆಲ್‌ಗಳ ಗ್ರೂವ್‌ಗಳು ಒಂದೇ ಮಟ್ಟಕ್ಕೆ ಬಂದಿಲ್ಲ. ಒಂದು ಬ್ರಾಕೆಟ್ ಈ ಪ್ಯಾನೆಲ್‌ನಲ್ಲಿ, ಇನ್ನೊಂದು ಆ ಪ್ಯಾನೆಲ್‌ನಲ್ಲಿ ನಿಲ್ಲುವ ಗಾಜಿನ ತಟ್ಟು ಹೀಗಾಗಿ ಓರೆಯಾಗಿದ್ದು, ಅಡ್ಡ ಮಲಗಿಸಿಟ್ಟ ಬಾಟಲಿಗಳು ಒಂದೇ ಮೂಲೆಗೆ ಉರುಳುತ್ತವೆ. ಮಟ್ಟಗೋಲು ಹಿಡಿಯದೆ ಮಾಡಿದ ಕೆಲಸವಿದು.

ಈ ಬಾರಿ ಮಳೆ ಬೇಗ ಬಂದದ್ದೇ ಕಾರಣವೆಂದು ತಮ್ಮ ಕಚೇರಿಯವರು ಹೇಳಿದ್ದನ್ನೂ ಇಲ್ಲಿ ಎತ್ತಿಕೊಳ್ಳುತ್ತೇನೆ. ಮುಂಗಾರು ಮೇ 24ಕ್ಕೇ ಕೇರಳ ತಲುಪಿದ್ದು ನಿಜ. ಆದರೆ ಅದು ಜೂನ್ ಒಂದಕ್ಕೇ ಬಂದಿದ್ದರೂ ಈ ಗೋಡೆ ಪಸೆ ಹಿಡಿಯದೆ ಇರುತ್ತಿರಲಿಲ್ಲ. ಕೊಡೆ ಮಾರುವ ಅಂಗಡಿಗೆ ಮಳೆ ಅನಿರೀಕ್ಷಿತ ಎನ್ನುವ ವಾದವನ್ನು ತಾವೂ ಗಂಭೀರವಾಗಿ ಮಂಡಿಸಲಾರಿರಿ ಎಂದು ನಂಬಿದ್ದೇನೆ.

ಇನ್ನು ಗಡಿಯ ಮಾತು. ತಮ್ಮ ಬಿಲ್ಲಿನಲ್ಲಿ ಅಂತರರಾಜ್ಯ ಮಾರಾಟವೆಂದು ಐ.ಜಿ.ಎಸ್.ಟಿ. ವಿಧಿಸಿದ್ದೀರಿ, ಸಾಗಾಟದ ಖರ್ಚನ್ನು ಕುಂಬಳೆಯ ವರೆಗೆ ಲೆಕ್ಕ ಹಾಕಿದ್ದೀರಿ, ಜೋಡಣೆಯ ಕೂಲಿಯನ್ನೂ ಪಡೆದಿದ್ದೀರಿ. ಸಾಮಾನು ಇಳಿಸುವಾಗ ಇಲ್ಲದ ಗಡಿ ದುರಸ್ತಿಯ ಹೊತ್ತಿಗೆ ಎಲ್ಲಿಂದ ಬಂತು? ಸರ್ವೀಸ್ ಮಂಗಳೂರಿಗೆ ಮಾತ್ರ ಎಂಬ ಷರತ್ತು ಕೊಟೇಶನ್‌ನಲ್ಲಾಗಲಿ ಬಿಲ್ಲಿನಲ್ಲಾಗಲಿ ಎಲ್ಲಿಯೂ ಇಲ್ಲ. ಇಲ್ಲಿಯ ನಾವು ಬಟ್ಟೆಗೂ ಔಷಧಕ್ಕೂ ಯಂತ್ರಕ್ಕೂ ಮಂಗಳೂರನ್ನೇ ನೆಚ್ಚಿಕೊಂಡವರು. ತಮ್ಮ ವ್ಯಾಪಾರದಲ್ಲಿಯೂ ನಮ್ಮ ಪಾಲು ಸಣ್ಣದಿರಲಾರದು.

ಅಂಗಡಿಯವರಿಗೆ ಗ್ರಾಹಕ ನ್ಯಾಯಾಲಯ ಅನ್ವಯಿಸದು ಎಂದೂ ಫೋನಿನಲ್ಲಿ ಹೇಳಲಾಯಿತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಕಲಂ 2(7)ರ ವಿವರಣೆಯಂತೆ, ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡು ಬಳಸುವ ಸಾಮಗ್ರಿ ವಾಣಿಜ್ಯ ಉದ್ದೇಶದ ವ್ಯಾಪ್ತಿಗೆ ಬರುವುದಿಲ್ಲ. ಈ ಅಂಗಡಿಯನ್ನು ನಾನೂ ನನ್ನ ಪತಿಯೂ ನಡೆಸುತ್ತಿದ್ದು, ಸಂಬಳದ ನೌಕರರು ಯಾರೂ ಇಲ್ಲ, ಬೇರೆ ಆದಾಯವೂ ಇಲ್ಲ. ಅದೇ ಕಾಯಿದೆಯ ಕಲಂ 34ರ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಲು ಅವಕಾಶವಿರುವುದರಿಂದ, ಅಗತ್ಯಬಿದ್ದಲ್ಲಿ ಕಾಸರಗೋಡಿನ ಜಿಲ್ಲಾ ಆಯೋಗದ ಮುಂದೆ ಹೋಗುತ್ತೇವೆ.

ಪಶ್ಚಿಮದ ಗೋಡೆಯ 4 ಪ್ಯಾನೆಲ್‌ಗಳನ್ನು ತೆಗೆದು, ಕೊಟೇಶನ್‌ನಲ್ಲಿರುವ ದರ್ಜೆಯ ಹೊಸ ಹಲಗೆಗಳನ್ನು ರೀಪಿನ ಮೇಲೆ, ನೆಲದಿಂದ ಕನಿಷ್ಠ 6 ಇಂಚು ಎತ್ತರಕ್ಕೆ, ಅಂಚು ಸೀಲ್ ಮಾಡಿ ಕೂರಿಸಿಕೊಡಬೇಕು. ಪೂರ್ವದ ಗೋಡೆಯಲ್ಲಿ ಬಿಟ್ಟುಹೋದ ಚಾನೆಲ್‌ಗಳನ್ನು ಹಾಕಿ, ಗ್ರೂವ್‌ಗಳ ಮಟ್ಟ ಸರಿಪಡಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಆ 4 ಪ್ಯಾನೆಲ್‌ಗಳ ಬೆಲೆ, ಬರಿದಾಗಿ ಬಿಟ್ಟ ಚಾನೆಲ್‌ಗಳ ಬೆಲೆ ಹಾಗೂ ಜೋಡಣೆಯ ಕೂಲಿಯನ್ನು ಹಿಂದಿರುಗಿಸಬೇಕು. ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಓಣಂ ವ್ಯಾಪಾರ ಹತ್ತಿರವಾಗುತ್ತಿರುವುದರಿಂದ ಕೆಲಸಗಾರರನ್ನು ಕಳಿಸುವುದಾದರೆ ಅಂಗಡಿ ಮುಚ್ಚಿರುವ ಭಾನುವಾರದಂದು, ಮುಂಚಿತವಾಗಿ ತಿಳಿಸಿ ಕಳಿಸಬೇಕಾಗಿ ವಿನಂತಿ. ಕಿತ್ತುಬಂದ ಹಲಗೆಯ ತುಂಡುಗಳನ್ನು ತಮ್ಮವರು ಬಂದು ನೋಡುವ ವರೆಗೆ ತೆಗೆದಿರಿಸಿದ್ದೇನೆ.

ಇತಿ,
ಅಂಗಡಿಯ ಮಾಲಕಿ

ಲಗತ್ತು: ಕೊಟೇಶನ್ ಮತ್ತು ಬಿಲ್ಲಿನ ಪ್ರತಿ, ಹಾನಿಯ ಫೋಟೋಗಳು