ಹೊರಗಿನ ಬೋರ್ಡಿಗೆ ಮರ, ವಾರ್ನಿಷ್: ಸದಸ್ಯರ ಗಮನಕ್ಕೆ

ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ತೇಗ ಅಥವಾ ಸೀಡರ್ ತನ್ನಿ, ಅದರಲ್ಲೂ ಚೇಗಿನ ಭಾಗ, ಅಂದರೆ ಕಾಂಡದ ಒಳಗಿನ ಗಟ್ಟಿ ಮರ. ಹೊರಪದರದ ಬಿಳಿ ಮರ ಬೇಗ ಕೊಳೆಯುತ್ತದೆ. ತೇಗದಲ್ಲಿ ಎಣ್ಣೆಯಂಶ ಇರುವುದರಿಂದ ಬಳಿಯುವ ಸ್ವಲ್ಪ ಮೊದಲು ಅಸಿಟೋನ್ (ಎಣ್ಣೆ ತೆಗೆಯುವ ದ್ರವ) ಹಚ್ಚಿದ ಬಟ್ಟೆಯಲ್ಲಿ ಒರೆಸಿ.

150 ನಂಬರಿನ ಸ್ಯಾಂಡ್‌ಪೇಪರ್ ಸಾಕು. ಇನ್ನೂ ನುಣುಪು ಮಾಡಿದರೆ ವಾರ್ನಿಷ್ ಸರಿಯಾಗಿ ಹಿಡಿಯುವುದಿಲ್ಲ.

ಒಳಾಂಗಣದ ವಾರ್ನಿಷ್ ಬಿಸಿಲಿಗೆ ಬಿರಿದು ಸಿಪ್ಪೆ ಏಳುತ್ತದೆ. ಬಿಸಿಲಿನ ಯುವಿ (ನೇರಳಾತೀತ) ಕಿರಣ ತಡೆಯುವ ಮರೀನ್ ವಾರ್ನಿಷ್ (ದೋಣಿಗಳಿಗೆ ಬಳಿಯುವಂಥದ್ದು) ತೆಳುವಾಗಿ 3–4 ಕೋಟ್ ಹಾಕಿ, ನಡುವೆ 220ರಲ್ಲಿ ಹಗುರವಾಗಿ ಉಜ್ಜಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಹಿಂಬದಿಗೂ ಅಷ್ಟೇ ಕೋಟ್ ಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಅಡ್ಡ ಕೊಯ್ದ ತುದಿಗಳಿಗೆ ಇನ್ನೊಂದೆರಡು ಕೋಟ್.

ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಕಬ್ಬಿಣದ್ದು ಕಪ್ಪು ಕಲೆ ಬಿಡುತ್ತದೆ.